ಬರೀ ಎಣ್ಣೆಯ ಗುಂಪು

ಹರ್ಮಟಾನ್ ಗಾಳಿಯ ಧೂಳು ಜಾಲರಿಗೆ ಮೆತ್ತಿ
ಒಗ್ಬೊಮೊಶೊ ಊರಿಗೇ ಕಣ್ಣುಬೇನೆ ಬಂದ ಹಾಗಿತ್ತು.
ನಸುಕಿಗೇ ಬಂದ ಬಾಬಾ ಲಾಸಿಸಿ
ಪಂಜರಗಳ ಮರದ ಹೊಟ್ಟು ಬದಲಿಸುತ್ತ
ಇಲಿಗಳನ್ನು ಮಾತಾಡಿಸುತ್ತಿದ್ದರು:
ಎದ್ದಿರಾ? ನಿದ್ದೆ ಬಂತಾ?
ಮನೆಯವರೆಲ್ಲ ಸೌಖ್ಯವಾ?
ನಲವತ್ತೂ ಗಂಡು. ಮನೆಯವರೆಲ್ಲಿ ಬಂದರು ಬಾಬಾ, ಎಂದರೆ
ಕೇಳುವುದು ಕೇಳಬೇಕಮ್ಮ, ಎನ್ನುವರು.

ಹಳದಿ ಪಿಕ್ರಿಕ್ಕಿನಲ್ಲಿ ಗುರುತು ಹಚ್ಚಿದೆ:
ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ.
ಗುರುತಿಲ್ಲದೆ ಉಳಿದವು ಹತ್ತು.

ತಲೆ ಹಳದಿಯವನ್ನು ಕೊಯ್ದು, ಇಣುಕಿ,
ಏನನ್ನೂ ತೆಗೆಯದೆ ಹೊಲಿದೆ.
ನೋವು ಸಮನಾಗಿರಬೇಕಂತೆ, ಲೆಕ್ಕಕ್ಕೆ.
ಬೆನ್ನಿನವು, ಬಾಲದವು, ಎರಡರದೂ
ರೇಷ್ಮೆದಾರ ಬಿಗಿದು ಬೀಜ ತೆಗೆದೆ,
ತಟ್ಟೆಯಲ್ಲಿ ಜೋಡಿಜೋಡಿ, ಗೋಡಂಬಿಯ ಗಾತ್ರ,
ಗೋಡಂಬಿಯದೇ ಊರಿನಲ್ಲಿ.
(ಆ ವರ್ಷ ನಾನು ಗೋಡಂಬಿ ತಿನ್ನಲಿಲ್ಲ.)

ಆಮೇಲೆ ಮೂವತ್ತು ದಿನ ಸೂಜಿ.
ಬಾಲದವಕ್ಕೆ ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿದ ಟೆಸ್ಟೋಸ್ಟೆರಾನ್.
ಬೆನ್ನಿನವಕ್ಕೆ ಬರೀ ಎಣ್ಣೆ.
ಅದೇ ಸೂಜಿ, ಅದೇ ಹೊತ್ತು, ಅದೇ ಕೈ.
ಕರೆಂಟು ಹೋದರೆ ಬಾಬಾ ಟಾರ್ಚು ಹಿಡಿಯುವರು.
ಅಂಥ ಚಳಿಯಲ್ಲೂ ಅವರ ಅಂಗಿಯ ಗುಂಡಿ ಬಿಚ್ಚಿತ್ತು,
ಕತ್ತಿನಲ್ಲಿ ಬೆವರು.
ಮಲೇರಿಯಾ ಇರಬೇಕು, ರಜೆ ಹಾಕಿ, ಎಂದೆ.

ಬೆದೆಗೆ ಬಂದ ಹೆಣ್ಣನ್ನು ಬಿಟ್ಟೆವು ಒಂದೊಂದು ಪಂಜರಕ್ಕೂ.
ಬಾಲದವು ಹಿಂದೆಮುಂದೆ ನೋಡದೆ ಬೆನ್ನೇರಿದವು.
ಬೆನ್ನಿನವು ಮೂಸಿದವು,
ಹಳೇ ಬೀದಿಗೆ ಬಂದವರು ಬಾಗಿಲ ನಂಬರು ಹುಡುಕುವಂತೆ,
ಮೂಸಿ, ಮೀಸೆ ಒರೆಸಿಕೊಂಡು,
ಮೂಲೆಯಲ್ಲಿ ಮುದುಡಿ ಮಲಗಿದವು.
ಹದಿನೇಳನೆಯದು ಮಾತ್ರ
ಬೀಜ ಹೋಗಿ ನಾಲ್ಕು ವಾರವಾಗಿದ್ದರೂ
ಹತ್ತಿತು, ಜಾರಿತು, ಮತ್ತೆ ಹತ್ತಿತು.
ಇವನಿಗೆ ಯಾರೂ ಹೇಳಿಲ್ಲ, ಎಂದರು ಬಾಬಾ.
ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಯ ದಿನ ತೂಕ.
ವೀರ್ಯಕೋಶ, ಟಗರಿನ ಕೊಂಬಿನಂತೆ ಸುರುಳಿ ಸುತ್ತಿ
ರಸ ತುಂಬಿರಬೇಕಾದದ್ದು,
ಬರೀ ಎಣ್ಣೆಯವರಲ್ಲಿ ಒದ್ದೆ ದಾರದ ತುಂಡು.
ಪ್ರಾಸ್ಟೇಟ್ ತಕ್ಕಡಿಗೇ ಅನುಮಾನ ಬರುವಷ್ಟು.
ಮದ್ದು ಬಿದ್ದವರಲ್ಲಿ ಎಲ್ಲವೂ ಮರಳಿ ಚಿಗುರಿದ್ದವು.
ಗುರುತಿಲ್ಲದ ಹತ್ತು, ಏನನ್ನೂ ಕಳೆದುಕೊಳ್ಳದವು,
ಅವಕ್ಕೂ ಮದ್ದು ಸುರಿದಿದ್ದೆನಲ್ಲ,
ಅವುಗಳ ಸ್ವಂತ ಬೀಜ ಸೊರಗಿ ಅರ್ಧವಾಗಿತ್ತು.
ಹೊರಗಿಂದ ಬರುವುದಾದರೆ ಒಳಗೆ ಯಾಕೆ ದುಡಿಯಬೇಕೆಂದು
ಮೆದುಳು ಬೆಂಕಿ ಆರಿಸಿತ್ತು.
ಹೆಚ್ಚು ಕೊಟ್ಟೆ, ಕಡಿಮೆಯಾಯಿತು.
ಪ್ರೊಫೆಸರ್ ಒಯಿನ್ಲೋಲಾ ಚೆಂದದ ಗ್ರಾಫ್ ಎಂದರು.

ಸಂಜೆ, ತಟ್ಟೆ ತೊಳೆಯುತ್ತ ನಿಂತಿದ್ದಾಗ
ಬಾಬಾ ಜೇಬಿನಿಂದ ಆಸ್ಪತ್ರೆ ಕಾರ್ಡು ತೆಗೆದರು.
ನಾಲ್ಕು ಮಡಿಕೆ. ಮಡಿಕೆಯಲ್ಲಿ ಅಕ್ಷರ ಸವೆದಿತ್ತು.
ಅದೇ ಗ್ರಂಥಿಯಲ್ಲಿ ಗಡ್ಡೆ.
ಮೂರು ತಿಂಗಳಿಗೊಂದು ಸೂಜಿ,
ಕತ್ತರಿಯಿಲ್ಲದೆ ಕತ್ತರಿಯ ಕೆಲಸ ಮಾಡುವಂಥದ್ದು.
ಇಪ್ಪತ್ತೆಂಟು ವರ್ಷ ಟಾರ್ಚು ಹಿಡಿದವರು ಕೇಳಿದರು:
ನಾನು ಯಾವ ಗುಂಪು, ಮೊರೆನಿಕೆ?

ನಲ್ಲಿ ನಿಲ್ಲಿಸಲೂ ಮರೆತೆ.
ಬೆನ್ನಿನ ಗುಂಪು ಎನ್ನಲೆ?
ಬೆನ್ನಿನ ಗುಂಪು ಗುಣವಾಗಲೆಂದು ಬಂದದ್ದಲ್ಲ.
ಆ ಸೂಜಿ ನಿಮ್ಮನ್ನು ಉಳಿಸುತ್ತದೆ ಬಾಬಾ, ಎಂದೆ.
ಗೊತ್ತು, ಎಂದರು. ಉಳಿದದ್ದನ್ನು ಏನು ಮಾಡುವುದು,
ಅದನ್ನು ನಿನ್ನ ಪುಸ್ತಕದಲ್ಲಿ ಬರೆದಿದ್ದಾರೆಯೇ?

ಪ್ರಬಂಧದಿಂದ ಹದಿನೇಳನೆಯದನ್ನು ತೆಗೆಯಲು ಹೇಳಿದರು,
ಸರಾಸರಿ ಕೆಡಿಸುತ್ತದೆಂದು.
ಅಡಿಟಿಪ್ಪಣಿಯಲ್ಲಿ ಒಂದು ಸಾಲು ಉಳಿಸಿಕೊಂಡೆ.

ಮರುದಿನ ಬೇಗ ಹೋದೆ.
ತೊಳೆದ ಪಂಜರಗಳನ್ನು ಬಿಸಿಲಿಗೆ ಕವುಚಿಡುತ್ತಿದ್ದರು,
ಅಂಗಿ ಬೆನ್ನಿಗೆ ಅಂಟಿತ್ತು.
ಎದ್ದಿರಾ ಬಾಬಾ, ಎಂದೆ. ನಿದ್ದೆ ಬಂತಾ?
ಮನೆಯವರೆಲ್ಲ ಸೌಖ್ಯವಾ?
ಸ್ವಲ್ಪ ತಡೆದು,
ಅವಳು ಬೀನ್ಸ್ ಕಡುಬು ಕಟ್ಟಿದ್ದಾಳೆ, ಎಂದರು,
ಇಬ್ಬರಿಗಾಗುವಷ್ಟಿದೆ, ಬಾ.