ಈ ಕಡೆ ಮೇಲೆ

ಅಶೋಕಪುರಂನ ಈ ಮನೆ ಕೊಂಡಾಗ
ಅಡುಗೆಮನೆಯ ಗೋಡೆಬೀರು ಹಸಿರಿತ್ತು.
ಎಂಬತ್ತನೇ ನಂಬರಿನ ಉಪ್ಪುಕಾಗದ ಹಿಡಿದು
ಮೂರು ಭಾನುವಾರ ಉಜ್ಜಿದೆ.
ಹಸಿರು ಹೋಯಿತು, ಒಗ್ಗರಣೆಯ ಜಿಡ್ಡು ಹೋಯಿತು,
ಅಡಿಯಲ್ಲೊಂದು
ಜಪ್ಪಯ್ಯ ಎಂದರೂ ಜಗ್ಗದ ಕೆಂಪು.

"ವರ್ಕ್‌ಶಾಪಿನ ಬೋಗಿ ಬಣ್ಣ ಮೇಡಂ ಇದು,
ಅಷ್ಟು ಸುಲಭಕ್ಕೆ ಇಳಿಯೋಲ್ಲ"
ಅಂದರು ಪೇಂಟಂಗಡಿಯ ಇಲಿಯಾಸ್,
ಇನ್ನೊಂದು ಬಾಟಲಿ ಥಿನ್ನರ್ ಮಾರುತ್ತ.

ಇಳಿಯಿತು. ಉಗುರ ಸಂದಿಗೆ, ಮೊಸರನ್ನಕ್ಕೆ,
ಮೂಗೊರೆಸಿದ ವೇಲಿಗೆ.
ತೇಗವಿರಬಹುದೆಂಬ ನನ್ನ ಆಸೆಯೂ ಇಳಿಯಿತು:
ಯಾವುದೋ ಯಂತ್ರ ಬಂದ ಪೆಟ್ಟಿಗೆಯ ಹಲಗೆ,
ಮೊಳೆ ಕಿತ್ತ ತೂತು,
ಮಸಿಯ ಅಚ್ಚಿನಲ್ಲಿ, ಇಂಗ್ಲಿಷಿನಲ್ಲಿ, ಈ ಕಡೆ ಮೇಲೆ
ಮತ್ತೊಂದು ಬಾಣ,
ನೇರ ನೆಲಕ್ಕೆ.

ಮನೆ ಮಾರಿದ ಸಾಕಮ್ಮ ಎರಡು ಬೀದಿ ಆಚೆ, ಮಗಳ ಜೊತೆ.
ಕರೆತಂದು ತೋರಿಸಿದೆ.
ನಕ್ಕರು, ಕೆಮ್ಮು ಬರುವವರೆಗೆ.
"ತಲೆಕೆಳಗಾಗಿ ಹಾಕಿದ್ದೀಯಲ್ಲ ಅಂದೆ ಕಣವ್ವ.
ಆಗ ಒಲೆ ನೆಲದ್ಮೇಲೆ, ನಾನು ಅಲ್ಲೇ ಕುಂತಿದ್ದೆ.
ನೀನಿರೋ ಕಡೆನೇ ಮೇಲು ಅಂದುಬುಟ್ರು.
ಸುಳ್ಳು. ಬಿಚ್ಚಿ ತಿರುಗಿಸಾಕೆ ಸೋಮಾರಿತನ."
ಆಮೇಲೆ ಬಾಣದ ಮೇಲೆ ಬೆರಳಾಡಿಸಿ
"ಧೂಳು" ಅಂದರು.

ಎರಡು ಕೋಟ್ ವಾರ್ನಿಶ್.
ಹೊಸ ತಿರುಪು, ಹಳೇ ಕೀಲು.
ಬಾಗಿಲು ಎತ್ತಿ ಹಿಡಿದ ಗಂಡ ಕೇಳಿದ,
ಯಾವ ಕಡೆ ಮೇಲೆ?
ಹಲಗೆಯಲ್ಲೇ ಬರೆದಿದೆಯಲ್ಲ,
ಅದಕ್ಕೆ ತದ್ವಿರುದ್ಧ, ಅಂದೆ.