ಛೇದದಲ್ಲಿ ಎರಡು ಸೆಕೆಂಡು

ಒಲ್ಯೋಕ್ಮಿನ್ಸ್ಕ್‌ನಲ್ಲಿ ಜುಲೈ. ರಾತ್ರಿ ಹನ್ನೊಂದಾದರೂ
ಕಾಡಿನ ಹೊಗೆಯ ಹಿಂದೆ ಬೆಳಕು ಇನ್ನೂ ಎದ್ದೇ ಇದೆ.
ಅಡುಗೆಮನೆಯ ಮೇಜಿಗೆ ಮೊಣಕೈಯೂರಿ ಐತಾಲಿನಾ
ಮರುಪರೀಕ್ಷೆಯ ಲೆಕ್ಕ ಓದುತ್ತಾಳೆ:

ಎಂಬತ್ತು ಕಿಲೋ ತೂಗುವ ಒಬ್ಬ ಬೀಳುತ್ತಿದ್ದಾನೆ,
ಸೆಕೆಂಡಿಗೆ ಮೂವತ್ತೈದು ಮೀಟರು.
ಪ್ಯಾರಾಚೂಟ್ ಬಿಚ್ಚಿ ಎರಡು ಸೆಕೆಂಡಿನಲ್ಲಿ
ವೇಗ ಐದಕ್ಕಿಳಿಯುತ್ತದೆ.
ಪಟ್ಟಿಗಳು ಅವನನ್ನು ಎಳೆಯುವ ಬಲವೆಷ್ಟು?

'ಒಬ್ಬ' ಅಂತಷ್ಟೇ ಇದೆ. ಗರಗಸವಿಲ್ಲ,
ಬೆನ್ನಿಗೆ ನೀರಿನ ಚೀಲವಿಲ್ಲ, ಕೆಳಗೆ ಬೆಂಕಿಯಿಲ್ಲ.

ಮೂವತ್ತನ್ನು ಎರಡರಿಂದ ಭಾಗಿಸಿದಳು, ಹದಿನೈದು.
ಎಂಬತ್ತರಿಂದ ಗುಣಿಸಿದಳು, ಸಾವಿರದಿನ್ನೂರು ನ್ಯೂಟನ್.
ಕೊನೆಯ ಪುಟದ ಉತ್ತರ ಬೇರೆ:
ಸಾವಿರದ ಒಂಬೈನೂರ ಎಂಬತ್ತನಾಲ್ಕು.
"ಅಚ್ಚಿನ ತಪ್ಪು" ಅಂದಳು, ಪೆನ್ಸಿಲ್ ಕಚ್ಚಿ.

ಎರ್ಚಿಮೆನ್ ಕಾಲರು ಸರಿಸಿ ಭುಜ ತೋರಿಸಿದ.
ಮೊನ್ನೆಯ ಪಟ್ಟಿಯ ಬರೆ
ನೇರಳೆಯಿಂದ ಹಳದಿಗೆ ತಿರುಗುತ್ತಿತ್ತು.
"ನನ್ನ ವೇಗ ತಗ್ಗುವಾಗ ಭೂಮಿ ಎಲ್ಲಿಗೆ ಹೋಗಿತ್ತು ಮಗಳೇ?
ಕಾಲು ಹಿಡಿದು ಜಗ್ಗುತ್ತಲೇ ಇತ್ತಲ್ಲ."

ಓ, ಅಂದಳು. ತೂಕ ಏಳುನೂರ ಎಂಬತ್ತನಾಲ್ಕು.
ಕೂಡಿಸಿದಳು, ಸರಿಹೋಯಿತು. ಆಮೇಲೆ ಇನ್ನೇನೋ ಭಾಗಿಸಿ
ಜೋರಾಗಿ ನಕ್ಕಳು: "ಪಟ್ಟಿಯಲ್ಲಿ ನೇತಾಡುವುದು
ಎರಡೂವರೆ ಅಪ್ಪಂದಿರು!"

ನಾನು ನೈಲಾನ್ ಸೀಳಿದ ಬೆರಳಿಗೆ ಕೊಬ್ಬು ಸವರುತ್ತಿದ್ದೆ.
ಆ ಎರಡು ಸೆಕೆಂಡನ್ನು ಪುಸ್ತಕ 'ದತ್ತ' ಎನ್ನುತ್ತದೆ.
ದತ್ತ, ಅಂದರೆ ಕೊಟ್ಟದ್ದು. ಕೊಟ್ಟವರು ಯಾರು?

ಹದಿನಾಲ್ಕು ಮೀಟರಿನ ಮೇಜು. ಸೀಸದ ಗುಂಡಿನ ಚೀಲವಿಟ್ಟು
ಒಂದೊಂದೇ ದಳ ಎಣಿಸಿ ಮಡಿಚುತ್ತೇನೆ, ಇಪ್ಪತ್ತೆಂಟು.
ಹಗ್ಗಗಳನ್ನು ಅತ್ತಿತ್ತ ಹಾವಾಡಿಸಿ
ರಬ್ಬರಿನ ಕುಣಿಕೆಗಳಿಗೆ ಸಿಕ್ಕಿಸುತ್ತೇನೆ,
ಒಂದಾದ ಮೇಲೊಂದು ಬಿಡಲಿ, ಒಟ್ಟಿಗೇ ಅಲ್ಲ ಅಂತ.
ಅವಸರದಲ್ಲಿ ಬಿಚ್ಚಿಕೊಂಡರೆ
ಛೇದದಲ್ಲಿ ಉಳಿಯುವುದು ಅರ್ಧ ಸೆಕೆಂಡು,
ಏಳು ಅಪ್ಪಂದಿರು, ಒಂದೇ ಜತೆ ಭುಜ.
ತಡವಾದರೆ,
ಆ ಲೆಕ್ಕ ಯಾವ ತರಗತಿಗೂ ಇಟ್ಟಿಲ್ಲ.

"ನೀನು ನಿಜವಾಗಿ ಎಂಬತ್ತೇನಾ?" ಕೇಳಿದಳು.
"ಗರಗಸ, ರೊಟ್ಟಿ, ಬೂಟು ಸೇರಿ ನೂರಹದಿನಾಲ್ಕು."
ಅವಳು ಹೊಸ ಹಾಳೆ ತೆಗೆದಳು, ಯಾರೂ ಕೇಳದ ಲೆಕ್ಕಕ್ಕೆ.
"ಕಾಲ ಎಷ್ಟು ಹಾಕಲಿ, ಅಮ್ಮಾ?"

ಎರಡೇ ಹಾಕು, ಅಂದೆ.
ದಾಖಲೆ ಪುಸ್ತಕದಲ್ಲಿ 'ಮಡಿಚಿದವರು' ಅಂತ ಒಂದು ಕಾಲಂ ಇದೆ,
ಅಲ್ಲಿ ನನ್ನ ಸಹಿ.
ಬೆಳಿಗ್ಗೆ ವಿಮಾನ ಆರಕ್ಕೆ. ಐದಕ್ಕೇ ಹೋಗಿ
ರಬ್ಬರುಗಳನ್ನು ಇನ್ನೊಮ್ಮೆ ನೋಡಬೇಕು.