ಒಸರುನೀರಿನ ಸೀಸೆಗಳು

ಎಮಿಲ್ ಹೂಡಾಕನ ಅಡುಗೆಮನೆ ಕಿಟಕಿಯಲ್ಲಿ
ಹದಿನೇಳು ಸೀಸೆ.
ಉಪ್ಪಿನಲ್ಲಿಟ್ಟ ಸೌತೆಕಾಯಿ ತಿಂದು ಮುಗಿಸಿ ತೊಳೆದವು.
ಒಂದೊಂದರ ಕೊರಳಿಗೂ ತಾರೀಖಿನ ಚೀಟಿ,
ಒಳಗೆ ಬರೀ ನೀರು.

ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ
ಕಲ್ಲಿದ್ದಲು ನಿಂತ ವರ್ಷ
ಕೈ ಖಾಲಿಯಾದ ಗಣಿಯವರು ಕಟ್ಟಿದ ಏರಿ:
ಕುದುರೆ ಎಳೆದ ಮಣ್ಣು, ಅವರೇ ತುಳಿದ ಮಣ್ಣು,
ಇಪ್ಪತ್ತೆರಡಡಿ ಎತ್ತರ.
ಹೊಲಕ್ಕಲ್ಲ, ಯಾರ ದಾಹಕ್ಕೂ ಅಲ್ಲ.
ಭಾನುವಾರ ಗಾಳ ಹಾಕಿ ಸುಮ್ಮನೆ ಕೂರಲು,
ಮಕ್ಕಳು ಹಲಗೆಯಿಂದ ನೀರಿಗೆ ಧುಮುಕಲು.
ಅಷ್ಟಕ್ಕೇ ಒಂದು ಕೆರೆ!
ನೆಲದಡಿಯಲ್ಲಿ ಬದುಕಿದವರಿಗೆ
ಆಕಾಶ ಬಿದ್ದಿರುವ ನೀರು ಬೇಕಿತ್ತೇನೋ.

ನಾನು ಕ್ಲಬ್ಬಿನ ಖಜಾಂಚಿ. ಪೆಟ್ಟಿಗೆಯಲ್ಲಿ
ಸಾವಿರದ ನೂರನಲವತ್ತು ಡಾಲರು,
ಒಂದು ಮುರಿದ ಬೀಗ.

ಏಪ್ರಿಲಿನಲ್ಲಿ ರಾಜ್ಯದಿಂದ ಇಂಜಿನಿಯರ್ ಬಂದಳು, ಆರ್ಡಿತ್ ಕೊಲೆಂಡಾ.
ಮೊಣಕಾಲುದ್ದ ಬೂಟಿನಲ್ಲಿ ಏರಿಯ ಬುಡಕ್ಕೆ ಬುಡವನ್ನೇ ನಡೆದಳು.
ಕೋಲು ಚುಚ್ಚಿದರೆ ಮೊಳದುದ್ದ ಒಳಗೆ ಹೋಯಿತು,
ಯಾವುದೋ ಹೆಗ್ಗಣದ ಮನೆ.
ತೂಬಿನ ಕೊಳವೆಗೆ ಬೆರಳಿಟ್ಟಳು,
ತುಕ್ಕು ಹಳೇ ಬ್ರೆಡ್ಡಿನಂತೆ ಪುಡಿಯಾಯಿತು.
ನಾವು ನೆರಳೆಂದು ಹೊಗಳುತ್ತಿದ್ದ ಬರ್ಚ್ ಮರಗಳನ್ನು
ಒಂದು, ಎರಡು, ಹದಿನಾಲ್ಕು ಎಂದು ಬರೆದುಕೊಂಡಳು.
ಕೋಡಿಯ ಬಾಯಿಗೆ ಬಂದಾಗ ಮಾತ್ರ ಪೆನ್ನು ನಿಂತಿತು.
ಟ್ರೌಟ್ ಸ್ಪರ್ಧೆಗೆ ನೀರು ಒಂದಡಿ ಹೆಚ್ಚಿರಲೆಂದು
ಅಡ್ಡ ಜಡಿದ ಎರಡು ಹಲಗೆ.
"ಇದನ್ನು ಹೊಡೆದವರು ಯಾರು?"
ಅಲ್ಲಿದ್ದ ಆರು ಜನರಿಗೂ
ಒಮ್ಮೆಗೇ ಹಕ್ಕಿಗಳ ಮೇಲೆ ಪ್ರೀತಿ ಬಂತು.

ಹೊರಡುವಾಗ ಹೇಳಿದಳು:
"ಮಣ್ಣಿನ ಏರಿ ಅಂದಮೇಲೆ ಒಸರುತ್ತದೆ. ಒಸರಲಿ.
ತಿಳಿಯಾಗಿ ಬಂದರೆ ಅದು ಕೆರೆಯ ನೀರು.
ಕದಡಿ ಬಂದರೆ
ಏರಿಯೇ ಹೊರಟಿದೆ ಅಂತ ತಿಳಿಯಿರಿ."

ಅಂದಿನಿಂದ ಸೋಮವಾರ ಸೋಮವಾರ
ಎಮಿಲ್ ಒಂದೊಂದು ಸೀಸೆ ತುಂಬಿದ.

ಆಗಸ್ಟಿನ ಸಭೆ. ರಿಪೇರಿಯ ಅಂದಾಜು
ಎರಡು ಲಕ್ಷ ಎಂಬತ್ತು ಸಾವಿರ ಎಂದು ನಾನು ಓದಿದೆ.
ಯಾರೋ ದೋಸೆ ಮಾರೋಣ ಅಂದರು,
ಅದೇ, ಇವರ ದಪ್ಪ ಸಿಹಿ ದೋಸೆ.
ಸ್ಟಾಸ್ ಬಿಲ್ಕೋ ಮೇಜು ಕುಟ್ಟಿದ:
"ಎಂಬತ್ತು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ."
"ನಾನೂ ಎಂಬತ್ತು ವರ್ಷ ನಿಂತಿದ್ದೇನೆ," ಅಂದ ಎಮಿಲ್,
"ಹಾಗಂತ ನನ್ನ ಹೆಗಲ ಮೇಲೆ ಮಕ್ಕಳನ್ನು ಕೂರಿಸುತ್ತೀಯಾ?"
ಹೇಳಿ ಸೀಸೆಗಳನ್ನು ಸಾಲಾಗಿ ಇಟ್ಟ.

ಹದಿನಾರರ ಮೂಲಕ
ಆಚೆ ಕೂತವರ ಕೈಬೆರಳು ಕಾಣುತ್ತಿತ್ತು.
ಹದಿನೇಳನೆಯದರ ತಳದಲ್ಲಿ
ಉಗುರಿನ ದಪ್ಪ ಕಂದು ಕೆಸರು.
ಅದು ನಮ್ಮಜ್ಜಂದಿರು ತುಳಿದ ಮಣ್ಣು
ಎಂದು ಯಾರೂ ಹೇಳಬೇಕಾಗಲಿಲ್ಲ.

ಮತಕ್ಕೆ ಹಾಕಲಿಲ್ಲ. ಆರ್ಡಿತ್‌ಗೆ ಫೋನು ಮಾಡಿ
ಟ್ರಕ್ಕುಗಳ ದೀಪ ಹೊತ್ತಿಸಿ
ಹಲಗೆ ಕೀಳಲು ಹೋದೆವು.
ಮೊಳೆ ಬಡಿದಿದ್ದ ಸ್ಟಾಸನೇ ಮೊಳೆ ಕಿತ್ತ.
ರಾತ್ರಿಯಿಡೀ ಕೋಡಿ ಹರಿದ ಸದ್ದು.

ಕೆಳಗಿನ ಬೀದಿಯ ಹನ್ನೊಂದು ಮನೆಗಳಿಗೆ
ಪಟ್ಟಿ ಹಿಡಿದು ನಾನೇ ಹೋದೆ.
ಕೊನೆಯ ಮನೆ ರೋವೀನಾ ಟೆಂಚ್‌ಳದು,
ಹಗಲು ನಾಲ್ಕು ಹಸುಗೂಸು ನೋಡಿಕೊಳ್ಳುತ್ತಾಳೆ.
ಕಂಕುಳಲ್ಲೊಂದು ಕೂಸು, ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡಳು.
"ನಲವತ್ತು ವರ್ಷ ಇದರ ಕೆಳಗೇ ಮಲಗಿದ್ದೇನೆ.
ನಿಮ್ಮ ಕೆರೆಗೆ ಒಮ್ಮೆಯೂ ಕಾಲಿಟ್ಟಿಲ್ಲ,
ಸದಸ್ಯರಿಗೆ ಮಾತ್ರ ಅಂತ ಬೋರ್ಡಿದೆಯಲ್ಲ."
ಕೂಸಿನ ಬಾಯಿ ಒರೆಸಿದಳು.
"ನನ್ನ ನಂಬರು ಎಲ್ಲರಿಗಿಂತ ಮೇಲೆ ಬರೆ."
ಬರೆದೆ. ಅವಳು ಓದಿ ನೋಡಿದಳು,
ಏಳನ್ನು ಒಂದರಂತೆ ಬರೆದಿದ್ದೆ, ತಿದ್ದಿಸಿದಳು.

ಈಗ ಕೆರೆ ಗಿಡ್ಡ. ಈಜುವ ಕಟ್ಟೆ ಕೆಸರಿನ ಮೇಲೆ ಕೂತಿದೆ,
ಬಗ್ಗಿದ ಕೊಂಬೆಯಲ್ಲಿ ಯಾರ್ಯಾರದೋ ಕಳೆದ ಗಾಳಗಳು
ಮಿಂಚುತ್ತವೆ, ಕೊಕ್ಕರೆಗೆ ಸುಗ್ಗಿ.
ಸ್ಪರ್ಧೆ ಇಲ್ಲ. ದುಡ್ಡೂ ಇಲ್ಲ.

ಸೋಮವಾರ ಸಂಜೆ ರೋವೀನಾ
ಎಮಿಲನ ಕಿಟಕಿಯ ಮುಂದೆ ಕುರ್ಚಿ ಎಳೆದು ಕೂತಳು.
ಹದಿನೆಂಟನೆಯ ಸೀಸೆ, ಈಗಷ್ಟೇ ತುಂಬಿದ್ದು.
"ಎಷ್ಟು ಹೊತ್ತು ಬೇಕು?"
"ಅಲುಗಾಡಿಸದೆ ಇದ್ದರೆ, ಒಂದು ಗಂಟೆ."
ಮೂವರೂ ಕೈ ಮೇಜಿನಿಂದ ತೆಗೆದೆವು.